ಗ್ರಾನ್ ಪಾರಾದೀಸೊ: ಕಿಕ್ ಟರ್ನ್‌ನಲ್ಲಿ ಬೂಟು ಕಳಚಿಕೊಳ್ಳುತ್ತೆ, ಬೈಂಡಿಂಗ್ ಬದಲಿಸಬೇಕಾ?

ಅರ್ಧದಾರಿ:
ಇಟಲಿಯ ಗ್ರಾನ್ ಪಾರಾದೀಸೊ ಬೆಟ್ಟಕ್ಕೆ ಎರಡು ವರ್ಷ ಕಾದು ಹೋದ ಸ್ಕೀ ಟೂರ್ (ಸ್ಕೀ ಹಾಕಿಕೊಂಡೇ ಹತ್ತಿ ಇಳಿಯೋದು) ಹಾಳಾಯ್ತು. ಆ ಸಿಟ್ಟಿನಲ್ಲೇ ಬರೀತಿದ್ದೀನಿ, ಕ್ಷಮಿಸಿ. ಕೆಳಗಿನ ಪೊಂಟ್‌ನಿಂದ, ರಾತ್ರಿ ತಂಗುವ ವಿತ್ತೋರಿಯೊ ಎಮಾನುಯೆಲೆ ಹಟ್‌ವರೆಗೆ ಆರಾಮಾಗಿ ಹತ್ತಿದೆವು. ಮರುದಿನ ಬೆಳಗ್ಗೆ 5ಕ್ಕೆ ಹೊರಟು, 10ಕ್ಕೆ 4,061 ಮೀಟರ್ ತುದಿಯಲ್ಲಿರಬೇಕು ಅನ್ನೋದು ಲೆಕ್ಕ. ಏರು ಕಡಿದಾದ ಕೂಡಲೇ ಶುರುವಾಯ್ತು ಕಾಟ. ಕಿಕ್ ಟರ್ನ್ (ಒಂದೊಂದೇ ಸ್ಕೀ ಎತ್ತಿ ದಿಕ್ಕು ತಿರುಗಿಸೋದು) ಹೊಡೆದರೆ ಬೂಟು ಟಕ್ ಅಂತ ಅದನ್ನ ಸ್ಕೀಗೆ ಹಿಡಿದಿಡುವ ಬೈಂಡಿಂಗ್‌ನ ಪಿನ್‌ನಿಂದ ಹೊರಗೆ. ಮತ್ತೆ ಹಾಕ್ಕೋ, ಎರಡು ತಿರುವು, ಮತ್ತೆ ಟಕ್. ಒಂದು ಸಲ ಸ್ಕೀ ಜಾರಿಹೋಗಿ ಕೆಳಗಿದ್ದ ಜೊತೆಗಾರನ ಕಾಲಿಗೆ ಬಡಿದು ನಿಂತಿತು. 9:30 ಆದರೂ 3,400 ಮೀಟರ್‌ನಲ್ಲೇ ಇದ್ದೆವು. ವಾಪಸ್.
ಏಪ್ರಿಲ್ ಕೊನೆಗೆ ಮತ್ತೆ ಪ್ಲಾನ್ ಮಾಡ್ತಿದ್ದೀವಿ. ಬೈಂಡಿಂಗ್ ಬದಲಿಸಲಾ? ಸೆಟಪ್ ಎಲ್ಲಾ ಮಾಮೂಲಿಯೇ, ಹೇಳುವಂಥದ್ದೇನಿಲ್ಲ.

ಪಿನ್ನಪ್ಪ:
ಐಸ್. ಕಣ್ಣು ಮುಚ್ಚಿಕೊಂಡು ಹೇಳ್ತೀನಿ. ಟೋ ಪೀಸ್‌ನ (ಬೈಂಡಿಂಗ್‌ನ ಮುಂದಿನ ತುಂಡು) ಲಿವರ್ ಕೆಳಗೆ ಹಿಮ ತುಂಬಿ ಗಟ್ಟಿಯಾಗಿರುತ್ತೆ. ಪಿನ್ ಇರುವ ರೆಕ್ಕೆಗಳು ಪೂರ್ತಿ ಮುಚ್ಚಲ್ಲ, ಪಿನ್ ಅರ್ಧಕ್ಕೇ ನಿಲ್ಲುತ್ತೆ. ಪೋಲ್ ತುದಿಯಲ್ಲಿ ಕೆರೆದು ತೆಗೆಯಿರಿ, ಬೂಟು ಹಾಕಿದ ಮೇಲೆ ಹಿಮ್ಮಡಿ ನಾಲ್ಕೈದು ಸಲ ಮೇಲೆ ಕೆಳಗೆ ಆಡಿಸಿ, ಆಮೇಲೆ ಲಾಕ್. ಮುಗೀತು.

ಮೂರನೇ_ಹಗ್ಗ:
ಲಾಕ್ ಹಾಕದೇ ಹತ್ತಿದಿರಾ? ಅದನ್ನ ಮೊದಲು ಹೇಳಿ.

ಅರ್ಧದಾರಿ:
ಲಾಕ್ ಹಾಕಿದ್ದೆ ಸ್ವಾಮಿ. ನಿನ್ನೆ ಮೊನ್ನೆ ಸ್ಕೀ ಹಾಕಿದವನಲ್ಲ ನಾನು. ಐಸ್ ಕೂಡ ನೋಡಿದೆ, ಪ್ರತಿ ಸಲ ಕೆರೆದೆ.

ಪಿನ್ನಪ್ಪ:
ಬೂಟಿನ ಕಡೆ ನೋಡಿದ್ರಾ? ಪಿನ್ ಕೂರುವ ಆ ಲೋಹದ ಕುಳಿಯಲ್ಲೂ ಐಸ್ ಕೂರುತ್ತೆ. ರಾತ್ರಿ ಬೂಟು ಬೆಚ್ಚಗಿನ ಕೋಣೆಯಲ್ಲಿ, ಸ್ಕೀ ಹೊರಗೆ ಕೊರೆಯುವ ಚಳಿಯಲ್ಲಿ. ಬೆಳಗ್ಗೆ ಒದ್ದೆ ಬೂಟಿನಲ್ಲಿ ಹಿಮ ತುಳಿದುಕೊಂಡು ಹೋಗಿ ಸ್ಕೀ ಹಾಕಿದಿರಿ, ಕುಳಿಯಲ್ಲಿದ್ದ ನೀರು ಅಲ್ಲೇ ಹೆಪ್ಪುಗಟ್ಟಿತು. ಆ ಹಟ್‌ನಿಂದ ಮುಂದೆ ಬಂಡೆಗಳ ನಡುವೆ ಸ್ಕೀ ಹೊತ್ತು ನಡೆದಿದ್ದರಂತೂ ಕೇಳೋದೇ ಬೇಡ.

ಭಾರವೇ_ಬೇಡ:
ಇಷ್ಟಕ್ಕೂ ಆ ಟೋ ಪೀಸ್ ಎಷ್ಟು ಗ್ರಾಂ? ನಂದು ರೇಸ್ ಬೈಂಡಿಂಗ್, ಬ್ರೇಕ್ ಇಲ್ಲ, ಜೋಡಿ ಸ್ಕೀ ಸೇರಿ ಎರಡು ಕಿಲೋ ದಾಟಲ್ಲ. ಒಂದು ದಿನವೂ ಕಳಚಿಲ್ಲ.

ಮೂರನೇ_ಹಗ್ಗ:
ಬ್ರೇಕ್ ಇಲ್ಲ ಅಂದರೆ ಲೀಶ್ (ಸ್ಕೀಯನ್ನ ಬೂಟಿಗೆ ಕಟ್ಟುವ ದಾರ) ಆದರೂ ಇದೆಯಾ? ಹಿಮನದಿಯ ಮೇಲೆ ಕಳಚಿದ ಸ್ಕೀ ನೇರ ಬಿರುಕಿಗೆ ಹೋದರೆ ಇಡೀ ಗುಂಪಿನ ದಿನ ಅಲ್ಲಿಗೆ ಮುಗೀತು. ಇಳಿಯೋದು ಒಂದೇ ಕಾಲಿನಲ್ಲಿ.

ಭಾರವೇ_ಬೇಡ:
ಲೀಶ್ ಇದೆ. ಅದು ಹನ್ನೆರಡು ಗ್ರಾಂ.

ಸುಸ್ತುರಾಮ:
ನನಗೆ ಬೈಂಡಿಂಗ್‌ಗಿಂತ ಟೈಮ್ ಲೆಕ್ಕದ ಮೇಲೆ ಅನುಮಾನ. ನಡೆಯುವ ಸಮಯ ಅಂದಾಜಿಸುವ ವೆರ್ನರ್ ಮುಂಟರ್ ಸೂತ್ರ ಹಾಕಿ ನೋಡಿ: 100 ಮೀಟರ್ ಏರಿಗೆ ಒಂದು ಯೂನಿಟ್, ಒಂದು ಕಿ.ಮೀ. ದೂರಕ್ಕೆ ಒಂದು ಯೂನಿಟ್, ಹತ್ತುವಾಗ ಗಂಟೆಗೆ ನಾಲ್ಕು. ಹಟ್‌ನಿಂದ ತುದಿಗೆ 1,330 ಮೀಟರ್ ಏರು, ದೂರ 5 ಕಿ.ಮೀ. ಅಂತಿಟ್ಟುಕೊಂಡರೆ 18 ಚಿಲ್ಲರೆ ಯೂನಿಟ್. ಅಂದರೆ ನಾಲ್ಕೂವರೆ ಗಂಟೆ. ಅದು ನಿಲ್ಲದೇ ನಡೆದರೆ. ಊಟ, ನೀರು, ಹಾರ್ನೆಸ್ (ಹಗ್ಗ ಕಟ್ಟುವ ಸೊಂಟಪಟ್ಟಿ) ಹಾಕೋದು, ಫೋಟೋ ಯಾವುದೂ ಅದರಲ್ಲಿಲ್ಲ. 3,500 ದಾಟಿದ ಮೇಲೆ ಉಸಿರು ಬೇರೆ ಕೈ ಕೊಡುತ್ತೆ. ನೀವು ಬರೀ ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡಿದ್ದೀರಿ. ಬೂಟು ಕಳಚದಿದ್ದರೂ 10ಕ್ಕೆ ತಲುಪುತ್ತಿರಲಿಲ್ಲ ಅಂತ ನನ್ನ ಲೆಕ್ಕ.

ಅರ್ಧದಾರಿ:
ಒಪ್ಪಿದೆ, ಈ ಸಲ 4ಕ್ಕೆ ಹೊರಡ್ತೀವಿ. ಆದರೆ ಪ್ರಶ್ನೆ ಅದಲ್ಲ!

ಪಿನ್ನಪ್ಪ:
ಕುಳಿಯಲ್ಲಿ ಐಸ್ ಇತ್ತಾ ಇಲ್ವಾ ಅನ್ನೋದಕ್ಕೆ ಇನ್ನೂ ಉತ್ತರ ಬಂದಿಲ್ಲ.

ಅರ್ಧದಾರಿ:
ಇರಲಿಲ್ಲ. ಚಾಕು ತುದಿಯಲ್ಲಿ ತೆಗೆದು ನೋಡಿದೆ. ಬಲಗಾಲು ಇಡೀ ದಿನ ಒಮ್ಮೆಯೂ ಕಳಚಿಲ್ಲ. ಎರಡಕ್ಕೂ ಒಂದೇ ಹಿಮ ತಾನೇ?

ಮೊರೇನಮ್ಮ:
ನಿಲ್ಲಿ ನಿಲ್ಲಿ. ಬರೀ ಎಡಗಾಲು ಅಂತ ಈಗ ಹೇಳ್ತಿದ್ದೀರಲ್ಲ ಮಾರಾಯ್ರೆ! ಅದನ್ನ ಮೊದಲ ಸಾಲಿನಲ್ಲೇ ಹೇಳಬೇಕಿತ್ತು. ಬೈಂಡಿಂಗ್ ಬದಲಿಸುವ ಮಾತು ಪಕ್ಕಕ್ಕಿಡಿ. ಸ್ಕೀ ಅದಲುಬದಲು ಮಾಡಿ: ಎಡ ಸ್ಕೀ ಬಲಗಾಲಿಗೆ, ಬಲ ಸ್ಕೀ ಎಡಗಾಲಿಗೆ. ತೊಂದರೆ ಸ್ಕೀ ಜೊತೆ ಹೋದರೆ ಟೋ ಪೀಸ್. ಕಾಲಿನ ಜೊತೆಯೇ ಉಳಿದರೆ ಬೂಟು. ಹಿಮವೇ ಬೇಕು ಅಂತಿಲ್ಲ, ಮನೆಯಲ್ಲಿ ಹಳೇ ಕಂಬಳಿ ಹಾಸಿ ಮಾಡಿ. ಲಾಕ್ ಹಾಕಿ, ಮೊಣಕಾಲು ಸ್ಕೀಗೆ ತಾಗುವವರೆಗೆ ಮುಂದಕ್ಕೆ ಬಾಗಿ.

ಪಿನ್ನಪ್ಪ:
ಮನೆಯಲ್ಲಿ ಐಸ್ ಎಲ್ಲಿಂದ ಬರುತ್ತೆ? ಆ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ.

ಮೊರೇನಮ್ಮ:
ಐಸ್ ಇಲ್ಲದೆಯೂ ಕಳಚಿದರೆ ಐಸ್ ಅಲ್ಲ ಅಂತ ಗೊತ್ತಾಗುತ್ತಲ್ಲ.

ಮೂರನೇ_ಹಗ್ಗ:
ಲಾಕ್ ವಿಷಯಕ್ಕೆ ಬಂದರೆ, ಇಲ್ಲಿ ಎಲ್ಲರೂ ಸಲೀಸಾಗಿ ಲಾಕ್ ಹಾಕಿ ಅಂತಿದ್ದೀರಿ. ಲಾಕ್ ಹಾಕಿದ ಟೋ ಪೀಸ್ ಹಿಮಕುಸಿತದಲ್ಲಿ ಬಿಡಲ್ಲ. ಸ್ಕೀ ಲಂಗರಿನ ಹಾಗೆ ಕೆಳಗೆ ಎಳೆಯುತ್ತೆ. ಅನುಮಾನದ ಇಳಿಜಾರು ದಾಟುವಾಗ ನಾನು ಲಾಕ್ ತೆಗೆಯುತ್ತೇನೆ.

ಭಾರವೇ_ಬೇಡ:
ತೆಗೆದರೆ ಹೆಜ್ಜೆ ಹೆಜ್ಜೆಗೂ ಕಳಚುತ್ತೆ. ಆ ಇಳಿಜಾರಿನ ನಡುವೆ ಒಂದು ಸ್ಕೀ ಇಲ್ಲದೆ ನಿಂತುಕೊಳ್ಳೋದು ಯಾವ ಸುರಕ್ಷತೆ?

ಮೂರನೇ_ಹಗ್ಗ:
ಹಾಗಾದರೆ ಆ ಇಳಿಜಾರನ್ನ ದಾಟಲೇಬೇಡಿ. ಬೆಳಗ್ಗೆ ಹಿಮಕುಸಿತದ ಬುಲೆಟಿನ್ ಓದಿ. ಐದರ ಅಳತೆಯಲ್ಲಿ 3 ಅಂದರೆ ‘ಮಧ್ಯದ ನಂಬರ್, ಪರವಾಗಿಲ್ಲ’ ಅಂತಲ್ಲ. 30 ಡಿಗ್ರಿಗಿಂತ ಕಡಿದಾದದ್ದು ಯಾವುದು ಅಂತ ಮ್ಯಾಪ್‌ನಲ್ಲಿ ಹಿಂದಿನ ರಾತ್ರಿಯೇ ಗುರುತು ಹಾಕಿಕೊಳ್ಳಿ.

ಸುಸ್ತುರಾಮ:
ಇಬ್ಬರೂ ಹೊರಗೆ ಹೋಗಿ ಜಗಳ ಆಡ್ತೀರಾ?

ಅರ್ಧದಾರಿ:
ಮಾಡಿದೆ. ಅದಲುಬದಲು ಮಾಡಿದರೂ ಎಡಗಾಲೇ ಕಳಚಿತು. ಕಂಬಳಿ ಮೇಲೆ, ಒಣ ಬೂಟಿನಲ್ಲಿ, ಮೂರಕ್ಕೆ ಮೂರು ಸಲ. ಅಂದರೆ ಬೂಟು. ಆದರೆ ಕುಳಿ ನೋಡಿದರೆ ಸವೆದಿಲ್ಲ, ಬಲದ್ದರ ಥರವೇ ಇದೆ. ಹೋದ ಬೇಸಿಗೆಯಲ್ಲಿ ಎಡ ಬೂಟಿನ ಮುಂದಿನ ರಬ್ಬರ್ ಬಿಟ್ಟುಕೊಂಡಿತ್ತು ಅಂತ ಹೊಸ ತುಂಡು ಅಂಟಿಸಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧ ಇರಲ್ಲ ಬಿಡಿ.

ಮೊರೇನಮ್ಮ:
ಅಯ್ಯೋ ದೇವರೇ.
ಅದೇ ಸಂಬಂಧ. ಲಿವರ್ ಕೆಳಗೆ ಒತ್ತಿದರೆ ರೆಕ್ಕೆ ತೆರೆಯುತ್ತೆ, ಮೇಲೆ ಎಳೆದರೆ ಲಾಕ್. ಹೌದಾ? ಬೂಟು ಪಿನ್‌ಗಳ ಮೇಲೆ ತಿರುಗುವಾಗ ಹಿಮ್ಮಡಿ ಮೇಲೆ ಹೋದಷ್ಟೂ ಮುಂದಿನ ರಬ್ಬರ್ ಕೆಳಗೆ ಬರುತ್ತೆ. ಮಾಮೂಲಿ ಹೆಜ್ಜೆಯಲ್ಲಿ ಅಷ್ಟು ತಿರುಗಲ್ಲ, ಅದಕ್ಕೇ ಪೊಂಟ್‌ನಿಂದ ಹಟ್‌ವರೆಗೆ ಗೊತ್ತಾಗಲಿಲ್ಲ. ಕಿಕ್ ಟರ್ನ್‌ನಲ್ಲಿ ಹಿಂದಿನ ಸ್ಕೀ ತರಲು ಹಿಮ್ಮಡಿ ಒದೆಯುತ್ತೀರಲ್ಲ, ಆಗ ಪೂರ್ತಿ ತಿರುಗುತ್ತೆ. ದಪ್ಪ ರಬ್ಬರ್ ಲಿವರ್ ಮೇಲೆ ಕೂತು ಒತ್ತುತ್ತೆ. ನಿಮ್ಮ ಬೂಟೇ ನಿಮ್ಮ ಬೈಂಡಿಂಗ್ ತೆರೆಯುತ್ತಿದೆ. ಇದಕ್ಕೆ ಹೊಸ ಬೈಂಡಿಂಗ್ ತಗೊಂಡಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೇ.
ಒಂದು ದಪ್ಪ ಕಾಗದ ರಬ್ಬರ್ ಮತ್ತು ಲಿವರ್ ಮಧ್ಯೆ ಇಟ್ಟು ಬಾಗಿ ನೋಡಿ. ಸಿಕ್ಕಿಹಾಕಿಕೊಂಡರೆ ಅದೇ. ಅರದಿಂದ ಸ್ವಲ್ಪ ಸ್ವಲ್ಪವೇ ಉಜ್ಜಿ, ಪ್ರತಿ ಸಲ ಹಾಕಿ ನೋಡಿ. ರಬ್ಬರ್ ಮಾತ್ರ. ಪ್ಲಾಸ್ಟಿಕ್ ಕಾಣಿಸಿದರೆ ನಿಲ್ಲಿಸಿ, ಲೋಹದ ಕುಳಿಯ ಹತ್ತಿರ ಅರ ಹೋಗಲೇಬಾರದು. ಮುಗಿದ ಮೇಲೆ ಕ್ರಾಂಪಾನ್ (ಬೂಟಿಗೆ ಕಟ್ಟುವ ಲೋಹದ ಮುಳ್ಳುಗಳು) ಕೂಡ ಹಾಕಿ ನೋಡಿ, ಮುಂದಿನ ತಂತಿ ಆ ಅಂಚಿನ ಮೇಲೇ ಕೂರೋದು. ತುದಿಯಲ್ಲಿರುವ ಮಡೋನಾ (ಮೇರಿ ಮಾತೆ) ಪ್ರತಿಮೆಯ ಕೆಳಗಿನ ಬಂಡೆ ಏಣಿನ ಮೇಲೆ ಕ್ರಾಂಪಾನ್ ಜಾರಿದರೆ ಟಕ್ ಅನ್ನೋದಕ್ಕೂ ಸಮಯ ಇರಲ್ಲ.

ಪಿನ್ನಪ್ಪ:
ರಬ್ಬರ್ ಇರಬಹುದು. ಆದರೂ ಐಸ್ ಅದನ್ನ ಹೆಚ್ಚು ಮಾಡಿರುತ್ತೆ.

ಅರ್ಧದಾರಿ:
ಕಾಗದ ಹರಿದೇ ಹೋಯ್ತು. ಒಂದು ಗಂಟೆ ಉಜ್ಜಿದೆ, ಎರಡು ಮಿಲಿಮೀಟರ್‌ನಷ್ಟು ಹೋಗಿರಬಹುದು. ಈಗ ಹತ್ತು ಸಲ ಬಾಗಿದರೂ ಗಟ್ಟಿಯಾಗಿದೆ. ಕ್ರಾಂಪಾನ್ ಕೂಡ ಸರಿಯಾಗಿ ಕೂತಿದೆ. ಮೊರೇನಮ್ಮನವರೇ, ಪೊಂಟ್‌ನಲ್ಲಿ ಸಿಕ್ಕಿದರೆ ಕಾಫಿ ನಂದು. ಹಿಮದಲ್ಲಿ ಇನ್ನೂ ನೋಡಿಲ್ಲ, ಹೋಗಿ ಬಂದು ಬರೀತೀನಿ. ಈ ಸಲ ಷಾಬೋ ಹಟ್ ಕಡೆಯಿಂದ ಹತ್ತಿದರೆ ಹೇಗೆ?

ಸುಸ್ತುರಾಮ:
ಎತ್ತರ ಹೆಚ್ಚುಕಡಿಮೆ ಅಷ್ಟೇ. ಆ ಕಡೆಯ ಲವೆಚಿಯೋ ಹಿಮನದಿ ನೋಡೋಕೆ ಚಂದ, ಆದರೆ ಬಿರುಕು ಜಾಸ್ತಿ. ಮೇಲೆ ಹೋದಾಗ ಎರಡೂ ದಾರಿ ಸೇರುತ್ತವೆ. ಬೂಟು ಪರೀಕ್ಷೆಯ ದಿನ ಗೊತ್ತಿರುವ ದಾರಿಯೇ ವಾಸಿ. ಹಟ್ ಹತ್ತಿರವೇ ಹತ್ತು ಕಿಕ್ ಟರ್ನ್ ಹೊಡೆದು ನೋಡಿ, ಕಳಚಿದರೆ ಅಲ್ಲಿಂದಲೇ ವಾಪಸ್.

ಮೂರನೇ_ಹಗ್ಗ:
ಯಾವ ಕಡೆಯಿಂದ ಹೋದರೂ ಹಾರ್ನೆಸ್ ಮೊದಲೇ ಹಾಕಿಕೊಂಡಿರಿ. ಬಿರುಕಿಗೆ ಬಿದ್ದ ಮೇಲೆ ಬ್ಯಾಗ್‌ನಲ್ಲಿರುವ ಹಾರ್ನೆಸ್ ಯಾರಿಗೂ ಉಪಯೋಗ ಇಲ್ಲ. ಹಗ್ಗವೂ ಇಬ್ಬರಲ್ಲಿ ಹಿಂದೆ ಬರುವವರ ಬ್ಯಾಗ್‌ನಲ್ಲಿರಲಿ.

ಭಾರವೇ_ಬೇಡ:
30 ಮೀಟರ್, 6 ಮಿಲಿಮೀಟರ್ ಹಗ್ಗ ತಗೊಳ್ಳಿ. ನಂದು ಎಷ್ಟು ತೂಗುತ್ತೆ ಅಂದರೆ

ಸುಸ್ತುರಾಮ:
ಬೇಡ.

ಹೊಸಹಿಮ್ಮಡಿ:
ನನ್ನದೂ ಇದೇ ಸಮಸ್ಯೆ, ಆದರೆ ನನಗೆ ಹಿಂದಿನ ಹೀಲ್ ಪೀಸ್ ತಾನಾಗಿ ತಿರುಗಿಕೊಳ್ಳುತ್ತೆ. ಸೆಟಪ್ ಮಾಮೂಲಿಯೇ. ಏನು ಮಾಡಲಿ?

ಪಿನ್ನಪ್ಪ:
ಐಸ್ ನೋಡಿದ್ರಾ?