ದೂರು ಕೊಟ್ಟ ಆಟಗಾರನಿಗೆ ಸಂಘ ಏನು ಹೇಳಬೇಕು? ಕ್ರಿಕೆಟ್‌ನ ಜನಾಂಗೀಯ ನಿಂದನೆ ಪ್ರಕರಣಗಳಿಂದ ಕಲಿಯುವುದೇನಿದೆ?

ಪ್ರಶ್ನೆ: ಕ್ರಿಕೆಟ್ ಸಂಘವೊಂದರ ಕಾರ್ಯದರ್ಶಿ, ದಕ್ಷಿಣ ಕೊಡಗು

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದಲ್ಲಿ ಕಾಫಿ ತೋಟದ ಲೈನ್ ಮನೆಯಿಂದ ಬರುವ, ಪಿಯುಸಿ ಓದುತ್ತಿರುವ ಎರವ ಸಮುದಾಯದ ಹುಡುಗನೊಬ್ಬನಿದ್ದಾನೆ. ಹೊಸ ಚೆಂಡಿನಲ್ಲಿ ಅವನಷ್ಟು ವೇಗವಾಗಿ ಬೌಲಿಂಗ್ ಮಾಡುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ತಂಡದ ಕೆಲವರು ತನ್ನನ್ನು ಹೆಸರಿನಿಂದ ಕರೆಯದೆ ಮೈಬಣ್ಣ ಮತ್ತು ಜಾತಿ ಹಿಡಿದು ಕರೆಯುತ್ತಾರೆ, ಎದುರಾಳಿ ತಂಡದವರ ಮುಂದೆಯೂ ಹಾಗೆಯೇ ಕೂಗುತ್ತಾರೆ, ಇನ್ನು ತಾನು ಆಡಲು ಬರುವುದಿಲ್ಲ ಎಂದು ಅವನು ಕಳೆದ ವಾರ ನನ್ನ ಬಳಿ ಹೇಳಿದ. ಸಮಿತಿಯ ಸಭೆಯಲ್ಲಿ ವಿಷಯವನ್ನು ಮುಂದಿಟ್ಟಾಗ ಹಿರಿಯರಿಂದ ಬಂದ ಉತ್ತರ ಒಂದೇ: “ಹುಡುಗರು ತಮಾಷೆಗೆ ಅಂದಿರುತ್ತಾರೆ, ದೊಡ್ಡದು ಮಾಡಬೇಡಿ.” ಹಾಗೆ ಕೂಗಿದವರಲ್ಲಿ ಇಬ್ಬರು ಸಂಘದ ಮೈದಾನಕ್ಕೆ ಜಾಗ ಬಿಟ್ಟುಕೊಟ್ಟ ಕುಟುಂಬದವರು ಎಂಬುದನ್ನೂ ಇಲ್ಲಿ ಹೇಳಲೇಬೇಕು. ಹುಡುಗನ ಗುರುತು ತಿಳಿಯಬಾರದೆಂದು ಊರಿನ ಹೆಸರನ್ನು ಬರೆದಿಲ್ಲ.

ವೃತ್ತಿಪರ ಕ್ರಿಕೆಟ್‌ನಲ್ಲಿ ಇಂಥ ಆರೋಪಗಳು ಬಂದಾಗ ದೊಡ್ಡ ಸಂಸ್ಥೆಗಳು ಏನು ಮಾಡಿದವು, ಎಲ್ಲಿ ಎಡವಿದವು, ಹಣವಾಗಲಿ ನೌಕರರಾಗಲಿ ಇಲ್ಲದ ನಮ್ಮಂಥ ಸಂಘಕ್ಕೆ ಅದರಲ್ಲಿ ಯಾವುದು ಉಪಯೋಗಕ್ಕೆ ಬರುತ್ತದೆ ಎಂದು ಬಲ್ಲವರು ತಿಳಿಸಬೇಕು. ಆ ಹುಡುಗನನ್ನು ನಾವು ಕಳೆದುಕೊಳ್ಳಬಾರದು. ಆರೋಪ ಹೊತ್ತವರನ್ನು ವಿಚಾರಿಸದೆ ತಪ್ಪಿತಸ್ಥರೆಂದು ಸಾರುವುದೂ ನನಗೆ ಬೇಕಿಲ್ಲ.

ಉತ್ತರ: ನಿವೃತ್ತ ಶಿಕ್ಷಕಿ, ಮಡಿಕೇರಿ

ಕಾರ್ಯದರ್ಶಿಗಳೇ, ನಿಮ್ಮ ಸಮಿತಿಯ ಹಿರಿಯರು ಆಡಿದ ಮಾತನ್ನೇ ಇಂಗ್ಲೆಂಡಿನ ಯಾರ್ಕ್‌ಶೈರ್ ಕ್ಲಬ್ಬಿನ ತನಿಖಾ ವರದಿಯೂ ಹೇಳಿತ್ತು. ಆ ಕ್ಲಬ್ಬಿನ ಹೆಸರು ಮಣ್ಣುಪಾಲಾದದ್ದು ಅದರಿಂದಲೇ.

ಕರಾಚಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಆಫ್ ಸ್ಪಿನ್ನರ್ ಅಜೀಂ ರಫೀಕ್ ಅವರು 2012ರಲ್ಲಿಯೇ ಯಾರ್ಕ್‌ಶೈರ್ ತಂಡವನ್ನು ಮುನ್ನಡೆಸಿದ್ದವರು. ಅಲ್ಲಿ ತಾವು ಅನುಭವಿಸಿದ ನಿಂದನೆಯನ್ನು ಅವರು 2020ರಲ್ಲಿ ಬಹಿರಂಗವಾಗಿ ಹೇಳಿದ ಮೇಲೆ ಕ್ಲಬ್ಬು ಒಂದು ಕಾನೂನು ಸಂಸ್ಥೆಗೆ ತನಿಖೆ ಒಪ್ಪಿಸಿತು. 43 ಆರೋಪಗಳಲ್ಲಿ 7 ನಿಜವೆಂದು 2021ರ ಸೆಪ್ಟೆಂಬರ್‌ನಲ್ಲಿ ಒಪ್ಪಿ ಕ್ಷಮೆ ಕೋರಿದ ಕ್ಲಬ್ಬು, ಮರು ತಿಂಗಳಲ್ಲೇ ಯಾವ ಆಟಗಾರನ ಮೇಲೂ ನೌಕರನ ಮೇಲೂ ಕ್ರಮ ಕೈಗೊಳ್ಳುವುದಿಲ್ಲ ಎಂದು ಪ್ರಕಟಿಸಿತು. ಪಾಕಿಸ್ತಾನಿ ಮೂಲದವರನ್ನು ಹೀಯಾಳಿಸುವ ಪದವನ್ನು ಸಹ ಆಟಗಾರನೊಬ್ಬ ಅವರ ಮೇಲೆ ಬಳಸುತ್ತಿದ್ದುದನ್ನು ಗೆಳೆಯರ ನಡುವಿನ ತಮಾಷೆ ಎಂದು ವರದಿ ಪರಿಗಣಿಸಿತ್ತು ಎಂಬ ಸುದ್ದಿ ನವೆಂಬರ್‌ನಲ್ಲಿ ಹೊರಬಿತ್ತು. ಕೆಲವೇ ದಿನಗಳಲ್ಲಿ ನೈಕಿ, ಯಾರ್ಕ್‌ಶೈರ್ ಟೀ ಮುಂತಾದ ಪ್ರಾಯೋಜಕರು ದೂರ ಸರಿದರು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿಯು ಕ್ಲಬ್ಬಿನ ತವರಾದ ಹೆಡಿಂಗ್ಲೆ ಮೈದಾನದಲ್ಲಿ ಅಂತರರಾಷ್ಟ್ರೀಯ ಪಂದ್ಯ ನಡೆಸುವ ಹಕ್ಕನ್ನು ಅಮಾನತಿನಲ್ಲಿಟ್ಟಿತು. ಕ್ಲಬ್ಬಿನ ಅಧ್ಯಕ್ಷರು ರಾಜೀನಾಮೆ ಕೊಟ್ಟರು. ನವೆಂಬರ್ 16ರಂದು ರಫೀಕ್ ಅವರು ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಕಣ್ಣೀರಿಡುತ್ತ ಸಾಕ್ಷಿ ನುಡಿದರು. 2023ರಲ್ಲಿ ಇಂಗ್ಲೆಂಡಿನ ಕ್ರಿಕೆಟ್ ಶಿಸ್ತು ಆಯೋಗವು ಯಾರ್ಕ್‌ಶೈರ್‌ಗೆ 4 ಲಕ್ಷ ಪೌಂಡ್ ದಂಡ ವಿಧಿಸಿ, ಅದರಲ್ಲಿ 3 ಲಕ್ಷವನ್ನು ಅಮಾನತಿನಲ್ಲಿಟ್ಟು, ಅಲ್ಲಿನ ದೇಶೀಯ ಪಂದ್ಯಾವಳಿಯಾದ ಕೌಂಟಿ ಚಾಂಪಿಯನ್‌ಷಿಪ್‌ನ 48 ಅಂಕಗಳನ್ನು ಕಡಿತ ಮಾಡಿತು.

ಮೊದಲ ಮಾತು ಆಡಿದವನು ಒಬ್ಬ ಆಟಗಾರ. ಅದನ್ನು ಲಘುವಾಗಿ ಕಂಡದ್ದು ಇಡೀ ಸಂಸ್ಥೆ. ಆಟಗಾರನ ನಾಲಗೆ ಮಾಡಿದ ಗಾಯಕ್ಕಿಂತ ಹಿರಿಯರ ಉಪೇಕ್ಷೆ ಮಾಡಿದ ಗಾಯ ದೊಡ್ಡದು ಎಂದು ನಾನು ನಂಬಿದ್ದೇನೆ, ಏಕೆಂದರೆ ಆಟಗಾರ ಹಾಗೆಂದಾಗ ದೂರು ಹೇಳಿಕೊಳ್ಳಲು ಇನ್ನೊಂದು ಬಾಗಿಲು ಇದೆ ಎಂಬ ಭರವಸೆ ಉಳಿದಿರುತ್ತದೆ. ಹಿರಿಯರೇ ತಮಾಷೆ ಎಂದುಬಿಟ್ಟರೆ ಅದೂ ಉಳಿಯುವುದಿಲ್ಲ.

ಸ್ಕಾಟ್ಲೆಂಡಿನಲ್ಲಿಯೂ ಇಬ್ಬರು ಮಾಜಿ ಆಟಗಾರರು, ಮಜೀದ್ ಹಕ್ ಮತ್ತು ಖಾಸಿಂ ಶೇಖ್, ಮುಂದೆ ಬಂದು ಮಾತನಾಡಿದ ಮೇಲೆಯೇ ತನಿಖೆ ನಡೆದದ್ದು. ಅಲ್ಲಿನ ಕ್ರಿಕೆಟ್ ಆಡಳಿತದಲ್ಲಿ ಸಾಂಸ್ಥಿಕ ಜನಾಂಗಭೇದವನ್ನು ತೋರುವ 448 ನಿದರ್ಶನಗಳನ್ನು 2022ರ ಜುಲೈನ ವರದಿ ಗುರುತಿಸಿತು. ವರದಿ ಹೊರಬರುವ ಹಿಂದಿನ ದಿನವೇ ಆಡಳಿತ ಮಂಡಳಿ ರಾಜೀನಾಮೆ ಕೊಟ್ಟಿತ್ತು. 2023ರಲ್ಲಿ ಇಂಗ್ಲೆಂಡಿನ ಸ್ವತಂತ್ರ ಆಯೋಗವೊಂದು ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಅನುಭವಗಳನ್ನು ಪಡೆದು ಮಾಡಿದ ಶಿಫಾರಸುಗಳಲ್ಲಿ ನಿಮಗೆ ನೇರವಾಗಿ ಅನ್ವಯಿಸುವುದು ಒಂದಿದೆ: ಆಟವನ್ನು ನಡೆಸುವವರು ಮತ್ತು ದೂರನ್ನು ವಿಚಾರಿಸುವವರು ಬೇರೆ ಬೇರೆಯಾಗಿರಬೇಕು. ಜಾಗ ಕೊಟ್ಟ ಕುಟುಂಬದ ಹುಡುಗರ ಮೇಲೆ ದೂರು ಬಂದಾಗ ಆ ಜಾಗದ ಋಣದಲ್ಲಿರುವ ಸಮಿತಿಯೇ ಅದನ್ನು ವಿಚಾರಿಸಿದರೆ, ತೀರ್ಪು ಸರಿಯಾಗಿದ್ದರೂ ಯಾರೂ ಅದನ್ನು ನಂಬುವುದಿಲ್ಲ.

ಉತ್ತರ: ಆಟ ಮತ್ತು ಮಾತು, ಸೋಮವಾರಪೇಟೆ

ಶಿಕ್ಷಕಿಯವರ ಅಭಿಪ್ರಾಯಕ್ಕೆ ಗೌರವವಿದೆ, ಆದರೂ ಒಂದು ಮಾತು ಹೇಳಬೇಕೆನಿಸಿತು. ಮೈದಾನದಲ್ಲಿ ಕೆಣಕುವುದು ಮೊದಲಿನಿಂದಲೂ ಇದೆ. ಬೇಸಿಗೆಯ ಪಂದ್ಯಾವಳಿಗಳಲ್ಲಿ ಕುಳ್ಳ, ಡುಮ್ಮ ಎಂದು ಕರೆಸಿಕೊಳ್ಳದೆ ಆಡಿದವರು ಯಾರಿದ್ದಾರೆ? ಪ್ರತಿಯೊಂದನ್ನೂ ದೂರು, ತನಿಖೆ ಎಂದು ಮಾಡಿದರೆ ಹುಡುಗರು ಒಬ್ಬರೊಡನೊಬ್ಬರು ಮಾತನಾಡುವುದನ್ನೇ ನಿಲ್ಲಿಸುತ್ತಾರೆ, ತಂಡ ಒಡೆಯುತ್ತದೆ. ಇಬ್ಬರನ್ನೂ ಕೂರಿಸಿ ಕೈಕುಲುಕಿಸಿದರೆ ಸಾಲದೇ?

ಉತ್ತರ: ಮಾಜಿ ಆಟಗಾರ, ಕುಶಾಲನಗರ

ಸೋಮವಾರಪೇಟೆಯ ಗೆಳೆಯರೇ, ಕುಳ್ಳ ಎಂದಾಗ ಆ ಮಾತು ಅವನೊಬ್ಬನಿಗೆ ತಗಲುತ್ತದೆ. ಈ ಹುಡುಗನನ್ನು ಜಾತಿ ಹಿಡಿದು ಕರೆದಾಗ ತೋಟದಲ್ಲಿ ಕಾಫಿ ಕುಯ್ಯುವ ಅವನ ತಾಯಿಯನ್ನೂ ಅಜ್ಜಿಯನ್ನೂ ಸೇರಿಸಿ ಕರೆದಂತಾಗುತ್ತದೆ, ಮೈದಾನದಲ್ಲಿಯೂ ನಿನ್ನ ಸ್ಥಾನ ಇಷ್ಟೇ ಎಂದು ತಿಳಿಸಿದಂತಾಗುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ವೃತ್ತಿಪರ ಕ್ರಿಕೆಟ್ ಕೂಡ ಈ ವ್ಯತ್ಯಾಸವನ್ನು ಒಪ್ಪಿಕೊಂಡಿದೆ. 2019ರ ಜನವರಿಯಲ್ಲಿ ಡರ್ಬನ್ ಪಂದ್ಯದಲ್ಲಿ ಪಾಕಿಸ್ತಾನದ ನಾಯಕ ಸರ್ಫರಾಜ್ ಅಹ್ಮದ್ ಅವರು ದಕ್ಷಿಣ ಆಫ್ರಿಕಾದ ಆಂಡಿಲೆ ಫೆಹ್ಲುಕ್ವಾಯೊ ಅವರನ್ನು ಮೈಬಣ್ಣ ಹಿಡಿದು ಉರ್ದುವಿನಲ್ಲಿ ಜರೆದದ್ದು ಸ್ಟಂಪ್ ಮೈಕ್‌ನಲ್ಲಿ ಎಲ್ಲರಿಗೂ ಕೇಳಿಸಿತು. ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು, ಫೆಹ್ಲುಕ್ವಾಯೊ ಅವರನ್ನು ಖುದ್ದಾಗಿ ಕಂಡು ಕೈಕುಲುಕಿದರು, ದಕ್ಷಿಣ ಆಫ್ರಿಕಾದ ಆಟಗಾರರು ಕ್ಷಮಿಸಿದೆವು ಎಂದೂ ಹೇಳಿದರು. ಅಷ್ಟಾದ ಮೇಲೂ ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಅವರಿಗೆ 4 ಪಂದ್ಯಗಳ ನಿಷೇಧ ವಿಧಿಸಿತು. ಕ್ಷಮಿಸುವುದು ನೊಂದವನ ದೊಡ್ಡತನ, ನಿಯಮವನ್ನು ಜಾರಿ ಮಾಡುವುದು ಸಂಸ್ಥೆಯ ಕೆಲಸ. ಒಂದು ನಡೆಯಿತೆಂದು ಇನ್ನೊಂದನ್ನು ಕೈಬಿಡಲಾಗದು.

ಇದು ಎಲ್ಲೋ ದೂರದ ಬಿಳಿಯರ ಸಮಸ್ಯೆ ಎಂದುಕೊಳ್ಳುವವರಿಗಾಗಿ ಇಷ್ಟು ಬರೆಯುತ್ತೇನೆ. ತಮಿಳುನಾಡಿನ ಬ್ಯಾಟರ್ ಅಭಿನವ್ ಮುಕುಂದ್ ಅವರು ಮೈಬಣ್ಣಕ್ಕಾಗಿ ಚಿಕ್ಕಂದಿನಿಂದ ಕೇಳಿಸಿಕೊಂಡದ್ದನ್ನು 2017ರಲ್ಲಿ ಬರೆದರು. ನಮ್ಮ ಕರ್ನಾಟಕದ ವೇಗಿ ದೊಡ್ಡ ಗಣೇಶ್ ಅವರು 2020ರಲ್ಲಿ ಅದನ್ನು ನೆನೆದು, ತಾವು ಆಡುವ ದಿನಗಳಲ್ಲಿ ಅಂಥದೇ ಮಾತುಗಳನ್ನು ಅನುಭವಿಸಿದ್ದಾಗಿ ತಿಳಿಸಿದರು. ರಾಜ್ಯಕ್ಕೆ ನೂರಕ್ಕೂ ಹೆಚ್ಚು ಪಂದ್ಯ ಆಡಿ, ದೇಶದ ತಂಡವನ್ನೂ ಸೇರಿದ ಆಟಗಾರನೊಬ್ಬ ಅದನ್ನು ಹೊರಗೆ ಹೇಳಲು ನಿವೃತ್ತಿಯಾಗಿ ಎಷ್ಟೋ ವರ್ಷ ಕಳೆಯಬೇಕಾಯಿತು ಎಂಬುದನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ. ಇನ್ನೂ ಹಿಂದೆ ಹೋದರೆ, ಧಾರವಾಡದಲ್ಲಿ ಹುಟ್ಟಿದ ದಲಿತ ಎಡಗೈ ಸ್ಪಿನ್ನರ್ ಪಾಲ್ವಂಕರ್ ಬಾಳೂ ಅವರು 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದವರು. ಪುಣೆಯಲ್ಲಿ ಅವರ ಬೌಲಿಂಗ್ ಬೇಕಾಗಿದ್ದ ತಂಡವೇ ಅವರಿಗೆ ಪೆವಿಲಿಯನ್ನಿನ ಹೊರಗೆ ಮಣ್ಣಿನ ಲೋಟದಲ್ಲಿ ಚಹಾ ಕೊಡುತ್ತಿತ್ತು. ಅವನ ವೇಗ ಬೇಕು, ಅವನು ಬೇಡ ಎಂಬ ಧೋರಣೆ ನಿಮ್ಮ ಸಂಘದಲ್ಲಿದೆಯೇ ಎಂಬುದನ್ನು, ಕಾರ್ಯದರ್ಶಿಗಳೇ, ಸಮಿತಿಯವರಿಗೆ ಮುಖಾಮುಖಿಯಾಗಿ ಕೇಳಿ.

ಒಳ್ಳೆಯ ನಿದರ್ಶನವೂ ಇದೆ. 2021ರ ಜನವರಿಯ ಸಿಡ್ನಿ ಟೆಸ್ಟ್‌ನಲ್ಲಿ ಬೌಂಡರಿಯ ಬಳಿ ನಿಂತಿದ್ದ ಮೊಹಮ್ಮದ್ ಸಿರಾಜ್ ಅವರಿಗೆ ಪ್ರೇಕ್ಷಕರಿಂದ ನಿಂದನೆ ಕೇಳಿಬಂತು. ಅದು ಅವರ ಮೊದಲ ಟೆಸ್ಟ್ ಸರಣಿ; ಅದೇ ಪ್ರವಾಸದ ನಡುವೆ ಅವರು ತಂದೆಯನ್ನೂ ಕಳೆದುಕೊಂಡಿದ್ದರು. ಅವರು ನೇರವಾಗಿ ನಾಯಕ ಅಜಿಂಕ್ಯ ರಹಾನೆ ಅವರ ಬಳಿಗೆ ಹೋದರು, ರಹಾನೆ ಅಂಪೈರ್‌ಗಳ ಬಳಿಗೆ ಹೋದರು, ಆಟ ನಿಂತಿತು, ಆರು ಮಂದಿಯನ್ನು ಪ್ರೇಕ್ಷಕರ ಸಾಲಿನಿಂದ ಎಬ್ಬಿಸಿ ಹೊರಗೆ ಕಳುಹಿಸಲಾಯಿತು. “ನಿಜವಾಗಿ ಹಾಗಂದರೇ?”, “ನಿನಗೆ ಸರಿಯಾಗಿ ಕೇಳಿಸಿತೇ?” ಎಂದು ತಂಡದಲ್ಲಿ ಯಾರೂ ಅವರನ್ನು ಅಲ್ಲಿ ಪರೀಕ್ಷೆಗೆ ಒಡ್ಡಲಿಲ್ಲ. ನಿಮ್ಮ ತಂಡದ ನಾಯಕ ಆ ಹುಡುಗನ ಪಕ್ಕದಲ್ಲಿ ಹೀಗೆ ನಿಂತಿದ್ದರೆ ದೂರು ನಿಮ್ಮವರೆಗೆ ಬರಬೇಕಾದ ಅಗತ್ಯವೇ ಇರುತ್ತಿರಲಿಲ್ಲ.

ಉತ್ತರ: ವಕೀಲರು, ವಿರಾಜಪೇಟೆ

ಮಡಿಕೇರಿಯ ಶಿಕ್ಷಕಿ ಮತ್ತು ಕುಶಾಲನಗರದ ಮಾಜಿ ಆಟಗಾರ, ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆರೋಪ ಹೊತ್ತವರ ವಿಷಯವನ್ನು ಕಾರ್ಯದರ್ಶಿಗಳು ತಾವಾಗಿಯೇ ಕೇಳಿರುವುದರಿಂದ ಆ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದೂರನ್ನು ಗಂಭೀರವಾಗಿ ಸ್ವೀಕರಿಸುವುದು ಬೇರೆ, ದೂರಿನಲ್ಲಿ ಹೆಸರು ಬಂದವನನ್ನು ತಪ್ಪಿತಸ್ಥನೆಂದು ತೀರ್ಮಾನಿಸುವುದು ಬೇರೆ. ಸಿಡ್ನಿಯ ಪ್ರಕರಣವನ್ನೇ ನೋಡಿ: ಭಾರತದ ಆಟಗಾರರು ಜನಾಂಗೀಯ ನಿಂದನೆಗೆ ಒಳಗಾದದ್ದು ನಿಜವೆಂದು ಆಸ್ಟ್ರೇಲಿಯಾದ ಮಂಡಳಿ ದೃಢಪಡಿಸಿತು, ಆದರೆ ಅದನ್ನು ಮಾಡಿದವರು ಯಾರೆಂದು ಗೊತ್ತುಮಾಡಲು ಅದಕ್ಕೆ ಸಾಧ್ಯವಾಗಲಿಲ್ಲ. ಯಾರ್ಕ್‌ಶೈರ್‌ನಲ್ಲಿ ಮೊದಲು ಏನೂ ಮಾಡದಿದ್ದ ಕ್ಲಬ್ಬು, ಒತ್ತಡ ಹೆಚ್ಚಾದಾಗ 2021ರ ಡಿಸೆಂಬರ್‌ನಲ್ಲಿ 16 ಮಂದಿ ಸಿಬ್ಬಂದಿಯನ್ನು ಒಮ್ಮೆಲೇ ಕೆಲಸದಿಂದ ತೆಗೆಯಿತು; ಅವರಲ್ಲಿ ಹಲವರ ವಜಾ ನ್ಯಾಯಸಮ್ಮತವಲ್ಲವೆಂದು ಉದ್ಯೋಗ ನ್ಯಾಯಮಂಡಳಿಯಲ್ಲಿ ತೀರ್ಮಾನವಾಯಿತು. 2023ರ ಮಾರ್ಚ್‌ನಲ್ಲಿ ಶಿಸ್ತು ಆಯೋಗವು ಹಲವು ಮಾಜಿ ಆಟಗಾರರ ಮೇಲಿನ ಆರೋಪಗಳನ್ನು ಎತ್ತಿಹಿಡಿದರೂ ಇಂಗ್ಲೆಂಡಿನ ಮಾಜಿ ನಾಯಕ ಮೈಕಲ್ ವಾನ್ ಅವರ ಮೇಲಿನದು ಸಾಬೀತಾಗಿಲ್ಲ ಎಂದಿತು. ಒಂದೇ ವಿಚಾರಣೆಯಲ್ಲಿ ಎರಡು ಬಗೆಯ ಫಲಿತಾಂಶ ಬಂದದ್ದು ಪ್ರತಿ ಆರೋಪವನ್ನೂ ಬೇರೆ ಬೇರೆಯಾಗಿ ತೂಗಿದ್ದರಿಂದ.

ದೂರುದಾರನೂ ಪರಿಶುದ್ಧನಾಗಿರಬೇಕೆಂದು ಜನ ಬಯಸುತ್ತಾರೆ. ರಫೀಕ್ ಅವರು 2011ರಲ್ಲಿ ಯಹೂದಿಗಳ ಬಗ್ಗೆ ಕಳುಹಿಸಿದ್ದ ಕೀಳು ಸಂದೇಶಗಳು ಸಂಸತ್ತಿನ ಸಾಕ್ಷ್ಯದ ಕೆಲವೇ ದಿನಗಳಲ್ಲಿ ಹೊರಬಂದವು. ಅವರು ಕ್ಷಮೆ ಕೋರಿದರು, ಮುಂದೆ ಶಿಸ್ತು ಆಯೋಗದಿಂದ ಛೀಮಾರಿಯನ್ನೂ ಪಡೆದರು. ಅದು ತಪ್ಪೇ. ಆದರೆ ಅದರಿಂದ ಅವರಿಗಾದ ಅನ್ಯಾಯ ಸುಳ್ಳಾಗುವುದಿಲ್ಲ. ನಿಮ್ಮ ಹುಡುಗನ ಬಗ್ಗೆಯೂ “ಅವನೇನು ಕಡಿಮೆಯೇ, ಅವನೂ ಬೈದಿದ್ದಾನೆ” ಎಂಬ ಮಾತು ಖಂಡಿತ ಬರುತ್ತದೆ. ಬಂದರೆ ಅದನ್ನು ಪ್ರತ್ಯೇಕ ದೂರಾಗಿ ಬರೆದುಕೊಳ್ಳಿ, ಇದರ ಜೊತೆ ಬೆರೆಸಬೇಡಿ.

2008ರ ಸಿಡ್ನಿ ಟೆಸ್ಟ್‌ನಲ್ಲಿ ಹರ್ಭಜನ್ ಸಿಂಗ್ ಅವರ ಮೇಲೆ ಆಸ್ಟ್ರೇಲಿಯಾದ ಆಂಡ್ರ್ಯೂ ಸೈಮಂಡ್ಸ್ ಅವರನ್ನು ಜನಾಂಗೀಯವಾಗಿ ನಿಂದಿಸಿದ ಆರೋಪ ಬಂದಾಗ ನಾಯಕರಾಗಿದ್ದವರು ನಮ್ಮ ಅನಿಲ್ ಕುಂಬ್ಳೆ. ಮ್ಯಾಚ್ ರೆಫರಿ 3 ಟೆಸ್ಟ್‌ಗಳ ನಿಷೇಧ ವಿಧಿಸಿದರು. ಮೇಲ್ಮನವಿ ಆಲಿಸಿದ ನ್ಯೂಜಿಲೆಂಡಿನ ನ್ಯಾಯಮೂರ್ತಿ ಜಾನ್ ಹ್ಯಾನ್ಸನ್ ಅವರು ಜನಾಂಗೀಯ ನಿಂದನೆ ಸಾಬೀತಾಗಿಲ್ಲವೆಂದು ಅದನ್ನು ರದ್ದುಪಡಿಸಿ, ಬೈಗುಳಕ್ಕಾಗಿ ಪಂದ್ಯದ ಸಂಭಾವನೆಯ ಅರ್ಧದಷ್ಟು ದಂಡ ಹಾಕಿದರು. ಆ ತೀರ್ಪಿನ ಸರಿತಪ್ಪಿನ ಚರ್ಚೆಗಿಂತ ಮುಖ್ಯವಾದದ್ದು, ಅಂದು ಎರಡೂ ದೇಶಗಳ ಬಹುಪಾಲು ಜನ ಸಾಕ್ಷ್ಯ ಏನೆಂದು ಕೇಳುವ ಮೊದಲೇ ತಮ್ಮವರ ಪಕ್ಷ ವಹಿಸಿದ್ದರು ಎಂಬುದು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2007ರ ಅಕ್ಟೋಬರ್‌ನಲ್ಲಿ, ವಡೋದರಾ ಮತ್ತು ಮುಂಬೈ ಮೈದಾನಗಳಲ್ಲಿ ಸೈಮಂಡ್ಸ್ ಅವರನ್ನು ಕಂಡು ನಮ್ಮ ಪ್ರೇಕ್ಷಕರು ಕೋತಿಯ ಹಾಗೆ ಕೂಗಿದ್ದರು ಎಂಬುದನ್ನು ನಮ್ಮಲ್ಲಿ ನೆನೆದವರು ಕಡಿಮೆ.

ಕಾನೂನಿನ ಸ್ಥಿತಿಯನ್ನೂ ಸಮಿತಿಗೆ ತಿಳಿಸಿ. ಎರವರು ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಸೇರಿಲ್ಲದ ವ್ಯಕ್ತಿ ಸಾರ್ವಜನಿಕರ ಎದುರಿನಲ್ಲಿ ಅವರನ್ನು ಜಾತಿಯ ಹೆಸರಿನಿಂದ ನಿಂದಿಸಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ 6 ತಿಂಗಳಿಂದ 5 ವರ್ಷದವರೆಗೆ ಶಿಕ್ಷೆಯಾಗಬಹುದು. ನಿಂದಿಸಿದವರು 18 ವರ್ಷದೊಳಗಿನವರಾದರೆ ಪ್ರಕರಣ ಬಾಲ ನ್ಯಾಯ ಮಂಡಳಿಗೆ ಹೋಗುತ್ತದೆ. ಪೊಲೀಸ್ ಠಾಣೆಗೆ ಹೋಗಬೇಕೋ ಬೇಡವೋ ಎಂಬುದು ಹುಡುಗ ಮತ್ತು ಅವನ ಮನೆಯವರ ತೀರ್ಮಾನ. ಹೋಗಬೇಡಿ ಎಂದು ಅವರ ಮೇಲೆ ಒತ್ತಡ ತರುವ ಅಧಿಕಾರ ಸಂಘಕ್ಕಿಲ್ಲ, ಜಾಗ ಕೊಟ್ಟವರಿಗೂ ಇಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಲೈನ್ ಮನೆಗೆ ಹೋಗಿ ಹುಡುಗನನ್ನೂ ಅವನ ತಂದೆ ತಾಯಿಯನ್ನೂ ಕಂಡೆ. ದೂರು ದಾಖಲಾಗಿದೆ, ಅದರಿಂದ ಅವನ ಸ್ಥಾನಕ್ಕೆ ಯಾವ ತೊಂದರೆಯೂ ಆಗದು ಎಂದು ಬರವಣಿಗೆಯಲ್ಲಿಯೇ ಕೊಟ್ಟು ಬಂದಿದ್ದೇನೆ. ಸಮಿತಿಯ ಹೊರಗಿನ ಮೂವರು, ಅವರಲ್ಲಿ ಒಬ್ಬರಾದರೂ ಎರವ ಸಮುದಾಯದವರು, ಇದನ್ನು ವಿಚಾರಿಸಬೇಕೆಂದು ಭಾನುವಾರದ ಸಭೆಯಲ್ಲಿ ಪ್ರಸ್ತಾವ ಇಡುತ್ತೇನೆ. ಮೈದಾನದ ಜಾಗ ಹಿಂದಕ್ಕೆ ಹೋಗುತ್ತದೆ ಎಂಬ ಮಾತು ಈಗಾಗಲೇ ಕೇಳಿಬಂದಿದೆ. ಹೋದರೆ ಹೋಗಲಿ, ಬೇರೆ ಕಡೆ ಆಡೋಣ ಎಂದು ನಾಯಕ ಹೇಳಿದ್ದು ನನಗೆ ಬಲ ಕೊಟ್ಟಿತು. ವಿಚಾರಣೆಯ ಕ್ರಮವನ್ನು ಒಂದು ಪುಟದಲ್ಲಿ ಬರೆಯುತ್ತಿದ್ದೇನೆ, ವಿರಾಜಪೇಟೆಯ ವಕೀಲರು ದಯವಿಟ್ಟು ಒಮ್ಮೆ ನೋಡಿಕೊಡಬೇಕು.

ಉತ್ತರ: ವಕೀಲರು, ವಿರಾಜಪೇಟೆ

ಖಂಡಿತ ಕಳುಹಿಸಿ, ಶನಿವಾರದೊಳಗೆ ನೋಡಿ ಹಿಂದಿರುಗಿಸುತ್ತೇನೆ. ಒಂದು ಅಂಶವನ್ನು ಈಗಲೇ ಸೇರಿಸಿಕೊಳ್ಳಿ: ಹುಡುಗ ತನ್ನ ಹೇಳಿಕೆಯನ್ನು ಒಂದೇ ಬಾರಿ, ತನಗೆ ನಂಬಿಕೆಯಿರುವವರೊಬ್ಬರು ಪಕ್ಕದಲ್ಲಿರುವಾಗ ಕೊಡಲಿ, ಆರೋಪ ಹೊತ್ತವರ ಎದುರಿನಲ್ಲಿ ಅವನನ್ನು ನಿಲ್ಲಿಸಿ ಮತ್ತೆ ಹೇಳಿಸಬೇಡಿ. ಅವರು ಕೇಳಬೇಕಾದ ಪ್ರಶ್ನೆಗಳಿದ್ದರೆ ಬರೆದು ಆ ಮೂವರಿಗೆ ಕೊಡಲಿ.