ಮಗಳು ಪೊಲೀಸರ ಬಗ್ಗೆ ಪಿಎಚ್‌ಡಿ ಮಾಡಲಿ, ಬಿಡಿ

ಕಳೆದ ವಾರದ ಸಮಸ್ಯೆ: ಕ್ರಿಮಿನಾಲಜಿ (ಅಪರಾಧಶಾಸ್ತ್ರ) ಎಂಎ ಮುಗಿಸಿದ ಮಗಳು, ಪೊಲೀಸರು ತಪ್ಪು ಮಾಡಿದರೆ ಕೇಳುವವರು ಯಾರು ಅಂತ ಪಿಎಚ್‌ಡಿ ಮಾಡ್ತಾಳಂತೆ. ಪೊಲೀಸರ ಉಸಾಬರಿ ನಮಗ್ಯಾಕೆ, ಸುಮ್ನೆ ಬಿ.ಎಡ್. ಮಾಡು ಅಂದಿದ್ದಕ್ಕೆ ಮಾತು ಬಿಟ್ಟಿದ್ದಾಳೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ತಾಯಿ, ನಾನು 31 ವರ್ಷ ಖಾಕಿ ಹಾಕಿದವನು. ಮಗಳನ್ನು ತಡೆಯಬೇಡಿ. ಇದು ಪೊಲೀಸರ ವಿರುದ್ಧದ ಓದು ಅಂದುಕೊಂಡಿದ್ದೀರಿ, ಅಲ್ವಾ? ಹಾಗಲ್ಲ. ಪೊಲೀಸ್ ಸುಧಾರಣೆ ಕೋರಿದ್ದ ಪ್ರಕಾಶ್ ಸಿಂಗ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಏಳು ನಿರ್ದೇಶನ ಕೊಟ್ಟಿತು. ಪೊಲೀಸರ ಮೇಲಿನ ದೂರು ಕೇಳಲು ರಾಜ್ಯಕ್ಕೊಂದು, ಜಿಲ್ಲೆಗೊಂದು ಪ್ರಾಧಿಕಾರ ಬೇಕು ಅಂದಿತು. ಠಾಣಾಧಿಕಾರಿಗೆ ಕನಿಷ್ಠ ಎರಡು ವರ್ಷ ಒಂದೇ ಕಡೆ ಕೆಲಸ ಕೊಡಿ ಅಂದಿದ್ದೂ ಅದೇ ತೀರ್ಪು. ಕೇಸು ಹಾಕಿದ ಪ್ರಕಾಶ್ ಸಿಂಗ್ ಅವರೇ ಡಿಜಿಪಿ, ಅಂದರೆ ರಾಜ್ಯದ ಪೊಲೀಸ್ ಮುಖ್ಯಸ್ಥರು ಆಗಿದ್ದವರು.

ಹಾಸನಾಂಬೆ ಬಾಗಿಲು ತೆಗೆದಾಗ ಬಂದೋಬಸ್ತಿಗೆ ನಿಂತರೆ ಹೊತ್ತು ಮುಳುಗಿದ್ದೂ ತಿಳಿಯುತ್ತಿರಲಿಲ್ಲ. ಬೂಟು ಬಿಚ್ಚಿದರೆ ಊದಿದ ಪಾದ ಮತ್ತೆ ಒಳಗೆ ಹೋಗುತ್ತಿರಲಿಲ್ಲ. ಅಂಥದ್ದೇ ದಣಿವಿನಲ್ಲಿ, ಬೇರೆಲ್ಲೋ ಒಮ್ಮೆ, ಎದುರು ಮಾತಾಡಿದ ಹುಡುಗನ ಕೆನ್ನೆಗೆ ಬಾರಿಸಿದ್ದೆ. ಯಾಕೆ ಹೊಡೆದೆ ಅಂತ ಯಾರೂ ಕೇಳಲಿಲ್ಲ. ಎಷ್ಟು ಗಂಟೆಯಿಂದ ನಿಂತಿದ್ದೆ ಅಂತಲೂ ಕೇಳಲಿಲ್ಲ. ನಿಮ್ಮ ಮಗಳು ಎರಡನ್ನೂ ಕೇಳಲಿ.
– ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಅರಸೀಕೆರೆ

ಮೇಡಂ, ಕೆಲಸದ ಚಿಂತೆ ನಿಜವೇ. ಈ ವಿಷಯ ಕಲಿಸುವ ಕಡೆಗಳು ಜಾಸ್ತಿ ಇಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವಿಭಾಗವಿದೆ. ಕಾಲೇಜು ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯಲ್ಲಿ ಕ್ರಿಮಿನಾಲಜಿ ಪ್ರತ್ಯೇಕ ವಿಷಯ. ಅದರಲ್ಲೇ ಸಂಶೋಧನೆಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಸಿಕ್ಕರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ, ಮನೆಗೆ ಭಾರವಾಗುವುದಿಲ್ಲ. ವಿಷಯ ಮಾತ್ರ ಚಿಕ್ಕದಿರಲಿ. ಠಾಣೆಗಳ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಇಟ್ಟುಕೊಳ್ಳಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ಜಿಲ್ಲೆಯಲ್ಲಿ ಅದು ಹೇಗೆ ನಡೆದಿದೆ ಅಂತ ನೋಡಿದರೂ ಸಾಕು. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ ಅರ್ಜಿಯಿಂದ ಶುರು ಮಾಡಲಿ.
– ಕಾಲೇಜು ಅಧ್ಯಾಪಕ, ಚಿಕ್ಕಮಗಳೂರು

ಅಕ್ಕಾ, ಬೈಕಿನಲ್ಲಿ ಬಂದವರು ನನ್ನ ಕೊರಳ ಸರ ಕಿತ್ತುಕೊಂಡು ಹೋದರು. ಠಾಣೆಯಲ್ಲಿ, ‘ಸರ ಕಳೆದುಹೋಗಿದೆ ಅಂತ ಬರೆದುಕೊಡಿ’ ಅಂದರು. ಕೊರಳ ಗಾಯ ಇನ್ನೂ ಉರಿಯುತ್ತಿತ್ತು. ಹಾಗೇ ಬರೆದುಕೊಟ್ಟು ಬಂದೆ. ಇಂಥದ್ದಕ್ಕೆ ಎಫ್‌ಐಆರ್ ಹಾಕಲೇಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು ಅನ್ನೋದು ಆಮೇಲೆ ಗೊತ್ತಾಯಿತು. ಆ ವರ್ಷದ ಸರಗಳ್ಳತನದ ಲೆಕ್ಕದಲ್ಲಿ ನನ್ನ ಸರ ಇಲ್ಲ. ಮಗಳು ಇಂಥವನ್ನು ಬರೆಯುವುದಾದರೆ ಮೊದಲು ನಮ್ಮ ಮನೆಗೆ ಬರಲಿ. ಊಟ ಮಾಡಿಕೊಂಡೇ ಹೋಗಲಿ.
– ಗೃಹಿಣಿ, ಸಕಲೇಶಪುರ