ಹೋಲಿಕೆ ವರದಿಯಲ್ಲಿ 24%: ಜರ್ನಲ್ ಮುಂದೇನು ಮಾಡುತ್ತದೆ?

ಸಸ್ಯಶಾಸ್ತ್ರ_ಪಿಎಚ್‌ಡಿ
ಲೇಖನವನ್ನು ಈಗಾಗಲೇ ಪ್ರಕಟವಾದ ಬರಹಗಳೊಂದಿಗೆ ಹೋಲಿಸುವ ಐಥೆಂಟಿಕೇಟ್ ತಂತ್ರಾಂಶದ ವರದಿಯಲ್ಲಿ 24% ಬಂದಿದೆ, ವಿವರಣೆ ಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಯುಜಿಸಿ ಮಿತಿ 10% ಅಲ್ಲವೇ? ವಿಧಾನದ ಭಾಗ ನಮ್ಮದೇ ಹಳೆಯ ಲೇಖನದ್ದು. ಏನು ತಿದ್ದಬೇಕು?

ಕರಡು_ನೋಡುವವರು
10% ಸದ್ಯಕ್ಕೆ ಪಕ್ಕಕ್ಕಿಡಿ. ಅದು 2018ರ ಯುಜಿಸಿ ನಿಯಮ, ವಿಶ್ವವಿದ್ಯಾಲಯ, ಕಾಲೇಜುಗಳಿಗೆ ಹೇಳಿದ್ದು. ಪಿಎಚ್‌ಡಿ ಪ್ರಬಂಧದಲ್ಲಿ ಹೋಲಿಕೆ 10 ದಾಟಿ 40ರೊಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಲು ಗರಿಷ್ಠ 6 ತಿಂಗಳು ಕೊಡುವುದು ಆ ನಿಯಮದಲ್ಲೇ. ಕೆಲವು ಜರ್ನಲ್‌ಗಳು ತಮ್ಮದೇ ಮಿತಿ ಇಟ್ಟುಕೊಂಡಿರುತ್ತವೆ, ಲೇಖಕರ ಸೂಚನೆ ಓದಿ.

ಅನುಭವಿ ಸಂಪಾದಕರು ಒಟ್ಟು ಅಂಕಿಗಿಂತ ಅದು ಎಲ್ಲೆಲ್ಲಿ ಹಂಚಿದೆ ಎಂದು ನೋಡುತ್ತಾರೆ. ಇಪ್ಪತ್ತನಾಲ್ಕು ಮೂಲಗಳಿಂದ ತಲಾ 1% ಆದರೆ ಗಾಬರಿ ಬೇಡ. ಒಂದೇ ಮೂಲದಿಂದ 8%, ಅದೂ ಚರ್ಚೆಯ ಭಾಗದಲ್ಲಿ ಸಿಕ್ಕರೆ, ಒಟ್ಟು 11% ಇದ್ದರೂ ಕಷ್ಟ. ‘4 ಡಿಗ್ರಿಯಲ್ಲಿ 10 ನಿಮಿಷ ಸೆಂಟ್ರಿಫ್ಯೂಜ್ ಮಾಡಲಾಯಿತು’ ಎಂಬ ವಾಕ್ಯ ಯಾರು ಬರೆದರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಅದನ್ನು ಕಳವು ಎನ್ನುವವರಿಲ್ಲ. ಆದರೆ ನಿಮ್ಮ ಹಳೆಯ ಲೇಖನದ ಹೆಸರು ಅಲ್ಲಿ ಬರಲೇಬೇಕು.

ಪೂರ್ತಿ ವರದಿ ಕೇಳಿ ಪಡೆಯಿರಿ. ಉಲ್ಲೇಖಪಟ್ಟಿ, ಉದ್ಧರಣೆಗಳನ್ನು ಹೊರಗಿಟ್ಟು ಎಣಿಸಿದ್ದಾರೆಯೇ ನೋಡಿ. ಉಲ್ಲೇಖಪಟ್ಟಿ ಸೇರಿಕೊಂಡರೆ ಅಂಕಿ ಸುಮ್ಮನೆ ಏರುತ್ತದೆ. ಶೋಧಗಂಗಾದಲ್ಲಿರುವ (ಭಾರತದ ಪ್ರಬಂಧಗಳ ಆನ್‌ಲೈನ್ ಭಂಡಾರ) ನಿಮ್ಮ ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ವಿಮರ್ಶೆಗೆ ಮುನ್ನ ಆನ್‌ಲೈನ್‌ನಲ್ಲಿ ಹಾಕಿದ ಪ್ರತಿ) ಇವೂ ತಾಳೆಯಾಗಬಹುದು. ಹಾಗಿದ್ದರೆ ಕೊಂಡಿ ಸಮೇತ ಬರೆದು ತಿಳಿಸಿ.

ನೀತಿ_ಸಂಹಿತೆ
ಮುಂದಿನ ದಾರಿಯನ್ನು ಹಲವು ಜರ್ನಲ್‌ಗಳು ಪ್ರಕಟಣಾ ನೀತಿಯ ಸಂಸ್ಥೆಯಾದ ಕೋಪ್‌ನ (COPE) ಹಂತ ಹಂತದ ನಕ್ಷೆ ನೋಡಿ ಹಿಡಿಯುತ್ತವೆ. ಚಿಕ್ಕ ನುಡಿಗಟ್ಟುಗಳಷ್ಟೇ ನಕಲಾಗಿದ್ದರೆ, ಸ್ವಂತ ಮಾತಿನಲ್ಲಿ ಬರೆಯಿರಿ ಇಲ್ಲವೇ ಉದ್ಧರಣ ಚಿಹ್ನೆ ಹಾಕಿ ಮೂಲ ಹೇಳಿ ಎಂದು ತಿಳಿಸಿ ವಿಮರ್ಶೆ ಮುಂದುವರಿಸುತ್ತಾರೆ. ದೊಡ್ಡ ಭಾಗ ಅಥವಾ ದತ್ತಾಂಶವನ್ನೇ ಎತ್ತಿದ್ದರೆ ಪುರಾವೆ ಲಗತ್ತಿಸಿ ಸಂಪರ್ಕ ಲೇಖಕರಿಗೆ (ಜರ್ನಲ್ ಜೊತೆ ಪತ್ರವ್ಯವಹಾರ ನಡೆಸುವ ಲೇಖಕರು) ಪತ್ರ ಹೋಗುತ್ತದೆ. ಉತ್ತರ ಒಪ್ಪುವಂತಿಲ್ಲದಿದ್ದರೆ ತಿರಸ್ಕಾರ. ಸಂಸ್ಥೆಯ ಮುಖ್ಯಸ್ಥರಿಗೂ ತಿಳಿಸಬಹುದು. ಉತ್ತರವೇ ಬರದಿದ್ದರೆ ಸಹಲೇಖಕರಿಗೆ ಬರೆಯುತ್ತಾರೆ, ಆಮೇಲೆ ಸಂಸ್ಥೆಗೆ. ಆದ್ದರಿಂದ ದಯವಿಟ್ಟು ಸುಮ್ಮನಿರಬೇಡಿ. ಹಸ್ತಪ್ರತಿ ಹಿಂತೆಗೆದು ಬೇರೆ ಜರ್ನಲ್‌ಗೆ ಕಳಿಸುವುದೂ ಬೇಡ. ಅದೇ ವಿಮರ್ಶಕರ ಕೈಗೆ ಮತ್ತೆ ಹೋಗುವುದು ಅಪರೂಪವೇನಲ್ಲ.

ಸಸ್ಯಶಾಸ್ತ್ರ_ಪಿಎಚ್‌ಡಿ
ಪದ ಬದಲಿಸುವ ತಂತ್ರಾಂಶಕ್ಕೆ ಹಾಕಿ ಅಂಕಿ ಇಳಿಸಿದರೆ?

ಕರಡು_ನೋಡುವವರು
ಖಂಡಿತ ಬೇಡ. ‘ಬ್ರೆಸ್ಟ್ ಕ್ಯಾನ್ಸರ್’ ಇದ್ದದ್ದು ‘ಬೂಝಮ್ ಪೆರಿಲ್’ (ಎದೆಯ ಅಪಾಯ) ಆಗಿ ಅಚ್ಚಾದ ಲೇಖನಗಳಿವೆ. 2021ರಿಂದೀಚೆಗೆ ಇಂಥ ತಿರುಚಿದ ಪದಗಳನ್ನೇ ಹುಡುಕಿ ಲೇಖನಗಳನ್ನು ಹಿಡಿಯುತ್ತಿದ್ದಾರೆ. ಅಂಕಿ ಇಳಿಯುತ್ತದೆ, ಆದರೆ ಅರಿಯದೆ ಆದ ತಪ್ಪು ಬೇಕೆಂದೇ ಮುಚ್ಚಿಟ್ಟದ್ದಾಗಿ ಕಾಣುತ್ತದೆ.

ವರದಿಯಲ್ಲಿ ಬಣ್ಣ ಹಚ್ಚಿದ ಪ್ಯಾರಾ ಮುಂದಿಟ್ಟುಕೊಂಡು ತಿದ್ದಬೇಡಿ. ಮೂಲ ಲೇಖನ ಮುಚ್ಚಿ, ನಿಮ್ಮ ಟಿಪ್ಪಣಿಯಿಂದ ಹೊಸದಾಗಿ ಬರೆಯಿರಿ, ಆಮೇಲೆ ತಾಳೆ ನೋಡಿ. ಸಂಪಾದಕರಿಗೆ ಒಂದು ಕೋಷ್ಟಕ ಕಳಿಸಿ: ಪುಟ ಮತ್ತು ಸಾಲು, ಯಾವ ಮೂಲಕ್ಕೆ ಹೋಲುತ್ತದೆ, ಏನು ಬದಲಿಸಿದಿರಿ. ಎಲ್ಲ ಸಹಲೇಖಕರಿಗೂ ಪ್ರತಿ ಹಾಕಿ.